ಮಲ್ಪೆಯಾಚೆ ಕಡಲ ಮೇಲೆ ಮರದ ಹೊಟ್ಟು ತೇಲುತ್ತಿದೆ. ಇದೇನು, ಕೊಳೆಯಾ?

ಪಡುಗಾಳಿ · ಶನಿವಾರ, ಬೆಳಿಗ್ಗೆ 7:40
ಎಲ್ಲರಿಗೂ ನಮಸ್ಕಾರ. ನನ್ನ ಚಿಕ್ಕಪ್ಪ ಮಲ್ಪೆಯಲ್ಲಿ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟ್ ನಡೆಸುವವರು. ಮೊನ್ನೆ ಟ್ರಿಪ್ ಮುಗಿಸಿ ಬಂದವರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ದಡ ಎಲ್ಲೂ ಕಾಣುವುದಿಲ್ಲ. ಗಾಳಿ ಇಲ್ಲ, ನೀರು ಕನ್ನಡಿ ಹಾಗೆ ನಿಂತಿದೆ. ಅದರ ಮೇಲೆ ಕಂದು ಬಣ್ಣದ ಉದ್ದುದ್ದ ಪಟ್ಟಿಗಳು. ಥೇಟ್ ಸಾಮಿಲ್‌ನ ಮರದ ಹೊಟ್ಟು ಚೆಲ್ಲಿದ ಹಾಗೆ.

ಬೋಟಿನ ಹುಡುಗರು ಯಾವುದೋ ಹಡಗಿನವರು ಕೊಳೆ ಬಿಟ್ಟಿದ್ದಾರೆ ಅಂತಾರೆ. ಚಿಕ್ಕಪ್ಪ ಮಾತ್ರ "ಮಳೆಗಾಲಕ್ಕೆ ಮುಂಚೆ ಇದು ಬರುವುದೇ, ಕೊಳೆ ಅಲ್ಲ" ಅನ್ನುತ್ತಾರೆ. ಏನು ಅಂತ ಅವರಿಗೂ ಗೊತ್ತಿಲ್ಲ.

ಇನ್ನೊಂದು ಅನುಮಾನ. ಅವರ ಪ್ರಕಾರ ಈ ತಿಂಗಳಲ್ಲಿ ಅಲ್ಲಿರುವುದು "ಖಾಲಿ ನೀರು". ಬಲೆ ಹಾಕಿದರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲವಂತೆ. ಏನೂ ಇಲ್ಲದ ನೀರಿನಲ್ಲಿ ಇದೊಂದು ಹೇಗೆ ಇಷ್ಟು ಬೆಳೆಯುತ್ತದೆ?

ಗಿರಿನಗರ ಗುಂಡ
ಪೊಲ್ಯೂಷನ್ ಗುರು. ಇನ್ನೇನು ಇರುತ್ತೆ. ನಮ್ಮ ಕೆರೆಗಳನ್ನು ನೋಡಿದವರಿಗೆ ಇದೆಲ್ಲ ಹೊಸದಲ್ಲ.

ಸುರತ್ಕಲ್ ಮಾಣಿ
ನೋಡದೆ ತೀರ್ಪು ಕೊಡಬೇಡಿ ಮಾರಾಯ್ರೆ. ಹಡಗಿನ ಎಣ್ಣೆಯಾದರೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಹೊಳೆಯುತ್ತದೆ, ಕೈಗೆ ಜಿಡ್ಡು ಹತ್ತುತ್ತದೆ. ಮೇ ತಿಂಗಳಲ್ಲಿ ನಮ್ಮ ದಡಕ್ಕೆ ಡಾಂಬರು ಉಂಡೆ ಬರುತ್ತಲ್ಲ, ಅದು ಎಣ್ಣೆ. ಕಾಲಿಗೆ ಅಂಟಿದರೆ ಸೀಮೆಎಣ್ಣೆ ಹಾಕಿ ಉಜ್ಜಬೇಕು. ಹೊಟ್ಟಿನ ಥರದ್ದು ಎಣ್ಣೆ ಅಲ್ಲವೇ ಅಲ್ಲ.

ನಿವೃತ್ತ ಮೇಷ್ಟ್ರು
ಪಡುಗಾಳಿಯವರೇ, ನಿಮ್ಮ ಚಿಕ್ಕಪ್ಪ ಹೇಳಿದ್ದೇ ಸರಿ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಟ್ರೈಕೋಡೆಸ್ಮಿಯಮ್. ಸಯನೋಬ್ಯಾಕ್ಟೀರಿಯಾ ಗುಂಪಿನದು. ಹಿಂದೆ ನಾವು ಕ್ಲಾಸಿನಲ್ಲಿ ನೀಲಿ-ಹಸಿರು ಪಾಚಿ ಅಂತ ಪಾಠ ಮಾಡುತ್ತಿದ್ದೆವು. ನಿಜಕ್ಕೂ ಪಾಚಿಯಲ್ಲ, ಬ್ಯಾಕ್ಟೀರಿಯಾ. ಒಂದೊಂದು ಜೀವಕೋಶ ಕಣ್ಣಿಗೆ ಕಾಣುವುದಿಲ್ಲ. ಅವು ಸಾಲಾಗಿ ಕೂಡಿಕೊಂಡು ಎಳೆಯಾಗುತ್ತವೆ, ಎಳೆಗಳು ಕಟ್ಟಿಕೊಂಡು ಕಂತೆಯಾಗುತ್ತವೆ. ಕಂತೆ ಒಂದೆರಡು ಮಿಲಿಮೀಟರ್ ಇರುತ್ತದೆ. ಒಳಗೆ ಗಾಳಿ ತುಂಬಿದ ಚಿಕ್ಕ ಚಿಕ್ಕ ಚೀಲಗಳಿವೆ. ಹಾಗಾಗಿ ಗಾಳಿ ನಿಂತ ದಿನ ಎಲ್ಲ ಮೇಲೆ ಬಂದು ತೇಲುತ್ತವೆ.

"ಮರದ ಹೊಟ್ಟು" ಅಂತ ನಿಮಗೆ ಅನ್ನಿಸಿದ್ದು ಸಹಜ. 1770ರಲ್ಲಿ ಕ್ಯಾಪ್ಟನ್ ಕುಕ್ ಜೊತೆ ಆಸ್ಟ್ರೇಲಿಯಾ ಕಡೆ ಹೋದ ನಾವಿಕರೂ ಇದನ್ನು ಕಡಲ ಮರದಪುಡಿ ಅಂತಲೇ ಕರೆದರು. 1832ರಲ್ಲಿ ಬ್ರೆಜಿಲ್ ಹತ್ತಿರ ಡಾರ್ವಿನ್‌ಗೆ ಕಂಡಾಗ ಒಣಹುಲ್ಲು ಕೊಚ್ಚಿ ಚೆಲ್ಲಿದಂತೆ ಅನ್ನಿಸಿತಂತೆ. 1823ರಲ್ಲಿ ಎಹ್ರೆನ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿ ಕೆಂಪು ಸಮುದ್ರದಲ್ಲಿ ಇದನ್ನು ನೋಡಿದ. ಆ ಸಮುದ್ರಕ್ಕೆ ಹೆಸರು ಬಂದದ್ದೇ ಇದರಿಂದ ಅಂತ ಒಂದು ವಾದ ಇದೆ. ಬೇರೆ ವಾದಗಳೂ ಇವೆ, ಜಗಳ ಬೇಡ.

ಗಿರಿನಗರ ಗುಂಡ
ಸರಿ ಮೇಷ್ಟ್ರೇ, ಸೋತೆ. ಆದರೂ ಬ್ಯಾಕ್ಟೀರಿಯಾ ಅಂದ್ರೆ ಕೊಳೆ ತಾನೇ?

ನಿವೃತ್ತ ಮೇಷ್ಟ್ರು
ನೀವು ಬೆಳಿಗ್ಗೆ ತಿಂದ ಇಡ್ಲಿ ಹಿಟ್ಟು ಹುಳಿ ಬಂದದ್ದು ಯಾರಿಂದ?

ಗಿರಿನಗರ ಗುಂಡ
🙏

ಕಾರವಾರದ ಕಾವ್ಯ
2020ರ ನವೆಂಬರ್‌ನಲ್ಲಿ ರಾತ್ರಿ ಹೊತ್ತು ಅಲೆಗಳು ನೀಲಿಯಾಗಿ ಹೊಳೀತಿದ್ದವಲ್ಲ, ಅದೂ ಇದೇನಾ? ನಾವು ಗಾಡಿ ಕಟ್ಟಿಕೊಂಡು ನೋಡಲು ಹೋಗಿದ್ವಿ.

ಹಡಗಲ್ಲಿ ವಾಂತಿ
ಅಲ್ಲ. ಅದು ನಾಕ್ಟಿಲುಕ. ಬೇರೆಯೇ ಜೀವಿ, ಕದಡಿದರೆ ಹೊಳೆಯುತ್ತದೆ. ಟ್ರೈಕೋಡೆಸ್ಮಿಯಮ್ ಹಾಗೆ ಸಾರಜನಕ ಅನಿಲ (ನೈಟ್ರೋಜನ್) ಹಿಡಿದು ಗೊಬ್ಬರ ಮಾಡಿಕೊಳ್ಳುವ ಕೆಲಸ ಅದಕ್ಕೆ ಬರುವುದಿಲ್ಲ, ಸಿಕ್ಕಿದ್ದನ್ನು ತಿನ್ನುತ್ತದೆ. ಟ್ರೈಕೋಡೆಸ್ಮಿಯಮ್ ಹೊಳೆಯುವುದಿಲ್ಲ. ಪಾಪ, ನೋಡಲು ಅಷ್ಟೇನೂ ಚಂದವಿಲ್ಲ, ಅದಕ್ಕೇ ಯಾರೂ ಗಾಡಿ ಕಟ್ಟಿಕೊಂಡು ಹೋಗುವುದಿಲ್ಲ.

ಪಡುಗಾಳಿಯವರ ಎರಡನೇ ಪ್ರಶ್ನೆ ನಿಜಕ್ಕೂ ದೊಡ್ಡದು. ನಾನು ಕೆಲವು ವರ್ಷ ಸಂಶೋಧನಾ ಹಡಗಿನಲ್ಲಿ ನೀರು ಎತ್ತುವ ಕೆಲಸ ಮಾಡಿದವನು (ಹೆಸರು ನೋಡಿದರೆ ಹೇಗೆ ಮಾಡಿದೆ ಅಂತ ಗೊತ್ತಾಗುತ್ತದೆ). ಸ್ವಲ್ಪ ಉದ್ದ ಬರೆಯುತ್ತೇನೆ, ಬೇಡದವರು ಕೆಳಗೆ ಜಾರಿ.

ಮಾರ್ಚ್‌ನಿಂದ ಮೇವರೆಗೆ ಅರಬ್ಬೀ ಸಮುದ್ರದ ಮೇಲ್ಪದರ ಬಿಸಿಲಿಗೆ ಕಾಯುತ್ತದೆ. ಬಿಸಿ ನೀರು ಹಗುರ, ಕೆಳಗಿನ ತಣ್ಣನೆ ನೀರು ಭಾರ. ಗಾಳಿಯೂ ಇಲ್ಲ. ಹಾಗಾಗಿ ಎರಡೂ ಬೆರೆಯುವುದಿಲ್ಲ. ಗೊಬ್ಬರವೆಲ್ಲ ಕೆಳಗಿನ ನೀರಿನಲ್ಲಿ, ಬಿಸಿಲೆಲ್ಲ ಮೇಲೆ. ಮೇಲಿದ್ದ ನೈಟ್ರೇಟನ್ನು, ಅಂದರೆ ಬಳಸಲು ಬರುವ ರೂಪದ ಸಾರಜನಕವನ್ನು, ಸಣ್ಣ ಜೀವಿಗಳು ಕೆಲವೇ ವಾರದಲ್ಲಿ ತಿಂದು ಮುಗಿಸುತ್ತವೆ. ಆಮೇಲೆ ಅಳತೆ ಮಾಡಿದರೆ ಯಂತ್ರ ಬಹುತೇಕ ಸೊನ್ನೆ ತೋರಿಸುತ್ತದೆ. ನೀರು ಕಡು ನೀಲಿ, ಸ್ಫಟಿಕದ ಹಾಗೆ. ಪ್ರವಾಸಿಗರಿಗೆ ಸ್ವರ್ಗ, ಮೀನಿಗೆ ಬರಗಾಲ. ತಾಂಡೇಲರು "ಖಾಲಿ ನೀರು" ಅಂದದ್ದಕ್ಕಿಂತ ಒಳ್ಳೆಯ ಪದ ನನಗೆ ಗೊತ್ತಿಲ್ಲ.

ತಮಾಷೆ ಏನೆಂದರೆ ಸಾರಜನಕಕ್ಕೆ ಕೊರತೆಯೇ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ಅದೇ. ನೀರಿನಲ್ಲೂ ಬೇಕಾದಷ್ಟು ಕರಗಿರುತ್ತದೆ. ಆದರೆ ಅದರ ಎರಡು ಪರಮಾಣುಗಳು ಮೂರು ಗಂಟು ಹಾಕಿಕೊಂಡು ಕೂತಿವೆ. ಅಂಗಳದ ತುಂಬಾ ತೆಂಗಿನಕಾಯಿ ರಾಶಿ, ಸುಲಿಯಲು ಮನೆಯಲ್ಲಿ ಕತ್ತಿ ಇಲ್ಲ. ಹಸಿದು ಕೂತಿರಬೇಕು ಅಷ್ಟೇ. ಟ್ರೈಕೋಡೆಸ್ಮಿಯಮ್ ಬಳಿ ಆ ಕತ್ತಿ ಇದೆ. ಅದರ ಹೆಸರು ನೈಟ್ರೋಜಿನೇಸ್, ಒಂದು ಕಿಣ್ವ. ಬೇರೆಯವರೆಲ್ಲ ಸೊರಗಿದಾಗ ಇದು ನೇರ ಸಾರಜನಕ ಅನಿಲವನ್ನೇ ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ. ಅದಕ್ಕೇ ಖಾಲಿ ನೀರಿನಲ್ಲಿ ಇದರದ್ದೇ ದರ್ಬಾರು.

ಸುಮ್ನೆ ಓದುಗ
ಹಂಗಾದ್ರೆ ಎಲ್ಲಾ ಜೀವಿಗಳೂ ಆ ಕತ್ತಿ ಯಾಕೆ ಇಟ್ಕೊಳ್ಳಲ್ಲ?

ಹಡಗಲ್ಲಿ ವಾಂತಿ
ಕತ್ತಿ ಬಲು ದುಬಾರಿ. ಒಂದು ಸಾರಜನಕ ಅಣು ಒಡೆಯಲು 16 ಎಟಿಪಿ ಖರ್ಚು. ಎಟಿಪಿ ಅಂದರೆ ಜೀವಕೋಶದ ಚಿಲ್ಲರೆ ದುಡ್ಡು ಅಂದುಕೊಳ್ಳಿ. ಜೊತೆಗೆ ಕತ್ತಿ ಮಾಡಲು ತುಂಬಾ ಕಬ್ಬಿಣ ಬೇಕು, ಮಾಲಿಬ್ಡಿನಮ್ ಎಂಬ ಲೋಹವೂ ಚೂರು ಬೇಕು. ನೈಟ್ರೇಟ್ ಅಗ್ಗಕ್ಕೆ ಸಿಗುವಾಗ ಇಷ್ಟು ಖರ್ಚು ಯಾರು ಮಾಡುತ್ತಾರೆ? ಗೊಬ್ಬರ ಕಾರ್ಖಾನೆಯಲ್ಲಿ ಇದೇ ಕೆಲಸಕ್ಕೆ 400–500 ಡಿಗ್ರಿ ಶಾಖ, ನೂರಾರು ಪಟ್ಟು ಒತ್ತಡ ಬೇಕು. ಇದು ಕಡಲ ನೀರಿನಲ್ಲಿ, ಇದ್ದ ಶಾಖದಲ್ಲೇ ಮಾಡಿ ಮುಗಿಸುತ್ತದೆ.

ಗದ್ದೆ ಬದು
ಅಣ್ಣ, ಇದು ನಮಗೆ ಗೊತ್ತಿರೋ ಕತೆಯೇ. ಶೇಂಗಾ ಗಿಡ ಕಿತ್ತರೆ ಬೇರಲ್ಲಿ ಗುಲಗಂಜಿಗಿಂತ ಸಣ್ಣ ಗಂಟುಗಳು ಇರ್ತವೆ. ಒಡೆದರೆ ಒಳಗೆ ಗುಲಾಬಿ ಬಣ್ಣ. ಅಲ್ಲಿ ರೈಜೋಬಿಯಮ್ ಕೂತು ಇದೇ ಕೆಲಸ ಮಾಡುತ್ತೆ. ಗದ್ದೆಗೆ ಅಜೋಲ ಬಿಡ್ತೀವಿ, ಅದರ ಎಲೆಯೊಳಗೂ ಇಂಥದೇ ನೀಲಿ-ಹಸಿರು ಜೀವಿ ಇದೆ ಅಂತ ಕೃಷಿ ಇಲಾಖೆಯವರು ಹೇಳಿಕೊಟ್ಟಿದ್ರು. ಸೆಣಬು, ಡಯಂಚ ಬಿತ್ತಿ ಹೂ ಬರೋ ಹೊತ್ತಿಗೆ ಉಳುವುದೂ ಇದಕ್ಕೇ.

ಆದರೆ ಒಂದು ಕೇಳ್ತೀನಿ. ಗಂಟಿನೊಳಗೆ ಗಾಳಿ ಜಾಸ್ತಿ ಹೋಗಬಾರದು, ಆಮ್ಲಜನಕ ಸೋಕಿದರೆ ಕೆಲಸ ಕೆಡುತ್ತೆ ಅಂತ ಕೇಳಿದ್ದೆ. ಸಮುದ್ರದ್ದು ಬಟಾಬಯಲಲ್ಲಿ, ಬಿಸಿಲಲ್ಲಿ ತೇಲುತ್ತೆ. ಗಿಡದ ಹಾಗೆ ತಾನೇ ಆಮ್ಲಜನಕ ಬೇರೆ ಬಿಡುತ್ತೆ. ಅದು ಹೆಂಗೆ ಸಾಧ್ಯ?

ನಿವೃತ್ತ ಮೇಷ್ಟ್ರು
ಶಭಾಷ್! ಈ ಪ್ರಶ್ನೆ ನನ್ನ ಯಾವ ವಿದ್ಯಾರ್ಥಿಯೂ ಕೇಳಲಿಲ್ಲ.

ಹಡಗಲ್ಲಿ ವಾಂತಿ
ಗದ್ದೆ ಬದು ಅವರೇ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಆಮ್ಲಜನಕ ಸೋಕಿದರೆ ಕತ್ತಿಗೆ ತುಕ್ಕು. ಒಬ್ಬೊಬ್ಬರು ಒಂದೊಂದು ಉಪಾಯ ಹುಡುಕಿಕೊಂಡಿದ್ದಾರೆ.

ಕ್ರೋಕೋಸ್ಫೇರ ಅಂತ ಒಂದಿದೆ, ಒಂಟಿ ಜೀವಕೋಶ. ಅದು ಹಗಲು ಬಿಸಿಲು ಕುಡಿದು ಗಿಡದ ಹಾಗೆ ಅನ್ನ ಮಾಡಿಕೊಳ್ಳುತ್ತದೆ, ರಾತ್ರಿ ಆಮ್ಲಜನಕ ಬಿಡದ ಹೊತ್ತಿನಲ್ಲಿ ಸಾರಜನಕ ಒಡೆಯುತ್ತದೆ. ಕಬ್ಬಿಣದ ವಿಷಯದಲ್ಲಿ ಎಂಥ ಜಿಪುಣ ಗೊತ್ತಾ? ಹಗಲಿನ ಯಂತ್ರದ ಕಬ್ಬಿಣ ಬಿಚ್ಚಿ ರಾತ್ರಿಯ ಯಂತ್ರಕ್ಕೆ ಹಾಕುತ್ತದೆ. ಬೆಳಗಾದರೆ ಮತ್ತೆ ಅಲ್ಲಿಂದ ಇಲ್ಲಿಗೆ. ನಮ್ಮ ಮನೆಯಲ್ಲಿ ಅಣ್ಣ ಬೆಳಗಿನ ಶಾಲೆಗೆ ಹಾಕಿದ ಚಡ್ಡಿಯನ್ನೇ ನಾನು ಮಧ್ಯಾಹ್ನದ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದೆ, ಅದೇ ಲೆಕ್ಕ.

ರಿಚೇಲಿಯ ಅಂತ ಇನ್ನೊಂದು, ಡಯಾಟಮ್ ಎಂಬ ಗಾಜಿನ ಚಿಪ್ಪಿನ ಪಾಚಿಯ ಜೊತೆ ಬಾಡಿಗೆಗಿರುತ್ತದೆ. ಎಳೆಯ ತುದಿಯಲ್ಲಿ ದಪ್ಪ ಗೋಡೆಯ ಒಂದು ಕೋಣೆ ಕಟ್ಟಿಕೊಂಡು ಒಳಗೆ ಕೆಲಸ. ಟ್ರೈಕೋಡೆಸ್ಮಿಯಮ್‌ಗೆ ಅಂಥ ಕೋಣೆಯೂ ಇಲ್ಲ, ರಾತ್ರಿ ಪಾಳಿಯೂ ಇಲ್ಲ. ನಡುಮಧ್ಯಾಹ್ನವೇ ಎರಡೂ ಕೆಲಸ ಮಾಡುತ್ತದೆ. ಇದನ್ನು ಹೇಗೆ ಸಂಭಾಳಿಸುತ್ತದೆ ಅಂತ ತಜ್ಞರೇ ಇವತ್ತಿಗೂ ಕಿತ್ತಾಡುತ್ತಾರೆ.

ಕಾರವಾರದ ಕಾವ್ಯ
ಚಡ್ಡಿ ಉದಾಹರಣೆ ಸೂಪರ್ 😂

ಫ್ರೀಮಾಂಟ್ ಭಟ್ರು
ಇದರಲ್ಲಿ 2024ರ ಸುದ್ದಿ ಯಾರೂ ಹೇಳಲಿಲ್ಲವಲ್ಲ! ನಾನಿರುವ ಕಡೆಯಿಂದ ಗುಡ್ಡ ದಾಟಿದರೆ ಕ್ಯಾಲಿಫೋರ್ನಿಯಾದ ಸಾಂಟಾಕ್ರೂಜ್. ಅಲ್ಲಿನ ವಿಶ್ವವಿದ್ಯಾಲಯದ ಜೊನಾಥನ್ ಝೆರ್ ತಂಡದ ಕೆಲಸ. 1998ರಲ್ಲಿ ಪೆಸಿಫಿಕ್ ನೀರಿನಲ್ಲಿ ಅವರಿಗೆ ಒಂದು ಡಿಎನ್‌ಎ ತುಣುಕು ಸಿಕ್ಕಿತ್ತು. ಸಾರಜನಕ ಹಿಡಿಯುವ ಯಾವುದೋ ಜೀವಿಯದು, ಆದರೆ ಜೀವಿ ಕೈಗೆ ಸಿಗಲಿಲ್ಲ. ಯುಸಿವೈಎನ್-ಎ ಅಂತ ಹೆಸರಿಟ್ಟರು. ಆಮೇಲೆ ಅದರ ಪೂರ್ತಿ ಜೀನೋಮ್ ಓದಿದರೆ ಆಶ್ಚರ್ಯ. ಸಯನೋಬ್ಯಾಕ್ಟೀರಿಯಾ ಆಗಿಯೂ ತನ್ನ ಅನ್ನ ತಾನು ಬೇಯಿಸಿಕೊಳ್ಳುವ ಸಾಮಾನೇ ಇಲ್ಲ! 2012ರಲ್ಲಿ ಗೊತ್ತಾಯಿತು, ಅದು ಒಂದು ಸಣ್ಣ ಪಾಚಿಯ ಜೊತೆ ಇರುತ್ತದೆ. ಪಾಚಿ ಸಕ್ಕರೆ ಕೊಡುತ್ತದೆ, ಇದು ಸಾರಜನಕ ಕೊಡುತ್ತದೆ.

ಆ ಪಾಚಿಯನ್ನು ಲ್ಯಾಬಿನಲ್ಲಿ ಬೆಳೆಸಿದ್ದು ಕ್ಯೋಕೋ ಹಗಿನೋ ಎಂಬ ವಿಜ್ಞಾನಿ. 300ಕ್ಕೂ ಹೆಚ್ಚು ಸಲ ನೀರು ತಂದು, ಹತ್ತು ವರ್ಷಕ್ಕೂ ಮೀರಿ ಹಟ ಹಿಡಿದು ಸಾಧಿಸಿದರು. ಕೊನೆಗೆ 2024ರ ಏಪ್ರಿಲ್‌ನಲ್ಲಿ ತಂಡ ಹೇಳಿದ್ದು: ಇದು ಈಗ ಬಾಡಿಗೆದಾರ ಅಲ್ಲ, ಪಾಚಿಯ ದೇಹದ ಅಂಗವೇ ಆಗಿಬಿಟ್ಟಿದೆ. ಪಾಚಿ ಒಡೆದು ಎರಡಾಗುವಾಗ ಇದೂ ಎರಡಾಗುತ್ತದೆ. ಇದಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಸುಮಾರು ಅರ್ಧದಷ್ಟು ಪಾಚಿಯೇ ತಯಾರಿಸಿ ಒಳಗೆ ಕಳಿಸುತ್ತದೆ. ನೈಟ್ರೋಪ್ಲಾಸ್ಟ್ ಅಂತ ಹೆಸರು. ಜೀವಕೋಶದೊಳಗಿನ ಅಂಗಗಳಾದ ಮೈಟೋಕಾಂಡ್ರಿಯ, ಕ್ಲೋರೋಪ್ಲಾಸ್ಟ್ ಇದ್ದ ಸಾಲಿಗೆ ಇದೊಂದು.

ಸುರತ್ಕಲ್ ಮಾಣಿ
ಹಗಿನೋ ಎಲ್ಲಿಯವರು?

ಫ್ರೀಮಾಂಟ್ ಭಟ್ರು
ಕೋಚಿ ವಿಶ್ವವಿದ್ಯಾಲಯ.

ಸುರತ್ಕಲ್ ಮಾಣಿ
ಓ, ಕೇರಳದ್ದಾ! ನಮ್ಮ ಪಕ್ಕದಲ್ಲೇ ಇಷ್ಟೆಲ್ಲ ಆಗಿದೆ, ಗೊತ್ತೇ ಇರಲಿಲ್ಲ.

ಫ್ರೀಮಾಂಟ್ ಭಟ್ರು
ಜಪಾನಿನ ಕೋಚಿ ಮಾರಾಯ್ರೆ. ಕೊಚ್ಚಿ ಅಲ್ಲ.

ಗಿರಿನಗರ ಗುಂಡ
ಇವತ್ತು ನಾನೊಬ್ಬನೇ ದಡ್ಡ ಅಂದ್ಕೊಂಡಿದ್ದೆ. ಸಮಾಧಾನ ಆಯ್ತು.

ಗದ್ದೆ ಬದು
ಇದನ್ನು ಭತ್ತಕ್ಕೆ ಹಾಕಿಬಿಟ್ಟರೆ? ಯೂರಿಯಾಗೆ ಸೊಸೈಟಿ ಮುಂದೆ ಕ್ಯೂ ನಿಲ್ಲೋದು ತಪ್ಪುತ್ತಲ್ಲ.

ಫ್ರೀಮಾಂಟ್ ಭಟ್ರು
ಎಲ್ಲರಿಗೂ ಅದೇ ಆಸೆ. ಆದರೆ ಪಾಚಿ ಮತ್ತು ಇದರ ಸಂಸಾರಕ್ಕೆ ಸುಮಾರು 10 ಕೋಟಿ ವರ್ಷ ಆಗಿದೆ ಅಂತ ಅಂದಾಜು. ನಾವು ಮದುವೆ ಮಾಡಿಸಿದ ಕೂಡಲೇ ಹೊಂದಿಕೊಳ್ಳುತ್ತವಾ?

ಲೆಕ್ಕದ ಪುಟ್ಟ
ನನ್ನದೊಂದು ತಕರಾರು. ನೀವೆಲ್ಲ ಈ ಜೀವಿಗಳನ್ನು ದೇವರು ಮಾಡುತ್ತಿದ್ದೀರಿ. ನಮ್ಮ ಹೊಲದ ಯೂರಿಯಾ ಮಳೆಗೆ ತೊಳೆದು ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತಿದೆ. ಕಡಲಿಗೆ ಸಾರಜನಕ ಜಾಸ್ತಿಯೇ ಆಗಿದೆ ಅಂತ ಪೇಪರಿನಲ್ಲಿ ಬರುತ್ತೆ. ಮತ್ತೆ ಎಲ್ಲಿಯ ಬರಗಾಲ?

ಹಡಗಲ್ಲಿ ವಾಂತಿ
ದಡದಲ್ಲಿ ಜಾಸ್ತಿ, ನಡುವೆ ಬರಗಾಲ. ಎರಡೂ ನಿಜ. ಹೊಳೆ ತಂದದ್ದನ್ನು ಅಳಿವೆ ಬಾಗಿಲಿನ ಜೀವಿಗಳು, ದಡದ ಕೆಸರಿನ ಬ್ಯಾಕ್ಟೀರಿಯಾ ಬಹುಪಾಲು ಮುಗಿಸುತ್ತವೆ. ನೂರಾರು ಮೈಲಿ ಆಚೆಗೆ ಏನು ಮುಟ್ಟುತ್ತದೆ? ಮದುವೆ ಊಟದಲ್ಲಿ ಮೊದಲ ಪಂಕ್ತಿಗೆ ಹೋಳಿಗೆ ಎರಡೆರಡು, ಕೊನೆ ಪಂಕ್ತಿಗೆ ಬರೀ ಸಾರು.

ಲೆಕ್ಕ ಬೇಕೆಂದರೆ: ಜಗತ್ತಿನ ಕಡಲುಗಳಲ್ಲಿ ಸೂಕ್ಷ್ಮಜೀವಿಗಳು ವರ್ಷಕ್ಕೆ ಹಿಡಿಯುವ ಸಾರಜನಕ 10ರಿಂದ 20 ಕೋಟಿ ಟನ್ ಅಂತ ಸಾಮಾನ್ಯವಾಗಿ ಹೇಳುವ ಅಂದಾಜು. ಜಗತ್ತಿನ ಗೊಬ್ಬರ ಕಾರ್ಖಾನೆಗಳೆಲ್ಲ ಸೇರಿ ಮಾಡುವುದೂ 10 ಕೋಟಿ ಟನ್ನಿನ ಆಸುಪಾಸು. ದೇವರು ಮಾಡಬೇಡಿ, ಸರಿ. ಕಾರ್ಖಾನೆಯ ಸಮಕ್ಕಾದರೂ ನಿಲ್ಲಿಸಿ.

ಲೆಕ್ಕದ ಪುಟ್ಟ
10ರಿಂದ 20? ಇದು ಅಂದಾಜಾ, ಜಾತಕವಾ? ಎರಡು ಪಟ್ಟು ವ್ಯತ್ಯಾಸ ಇಟ್ಟುಕೊಂಡು ವಿಜ್ಞಾನ ಅಂತೀರಲ್ಲ.

ಹಡಗಲ್ಲಿ ವಾಂತಿ
ಒಪ್ಪಿದೆ, ನಾಚಿಕೆ ಪಡಬೇಕಾದ್ದೇ. ಯಾಕೆ ಹೀಗೆ ಅಂತಲೂ ಹೇಳುತ್ತೇನೆ. ಅಳೆಯುವ ಒಂದು ವಿಧಾನ ಹೀಗಿದೆ. ಗುರುತು ಹಿಡಿಯಲೆಂದು ಮಾಮೂಲಿಗಿಂತ ಸ್ವಲ್ಪ ಭಾರದ ಸಾರಜನಕ ಅನಿಲವನ್ನು ಬಾಟಲಿಯ ನೀರಿಗೆ ಗುಳ್ಳೆಯಾಗಿ ಬಿಡುವುದು. ಆಮೇಲೆ ಜೀವಿಗಳೊಳಗೆ ಎಷ್ಟು ಹೋಗಿದೆ ಅಂತ ನೋಡುವುದು. ವರ್ಷಗಟ್ಟಲೆ ಜಗತ್ತೆಲ್ಲ ಇದನ್ನೇ ಮಾಡಿತು. 2010ರಲ್ಲಿ ಗೊತ್ತಾದದ್ದೇನು? ಗುಳ್ಳೆ ನಾವು ಅಂದುಕೊಂಡಷ್ಟು ಬೇಗ ಕರಗುವುದೇ ಇಲ್ಲ! ಅಂದರೆ ಎಷ್ಟೋ ಹಳೆಯ ಅಳತೆಗಳೆಲ್ಲ ಕಡಿಮೆ ಬಂದಿದ್ದವು. ನಾವು ಬೆಳಗಿನ ಜಾವ ಎದ್ದು, ಬಕೆಟ್ ಪಕ್ಕದಲ್ಲಿಟ್ಟುಕೊಂಡು ವಾಂತಿ ಮಾಡುತ್ತಾ ತೆಗೆದ ಲೆಕ್ಕಗಳು.

ಸುಮ್ನೆ ಓದುಗ
ಬಕೆಟ್ ಯಾವುದು, ಬಾಟಲಿ ಯಾವುದು ಅಂತ ಅದಲುಬದಲು ಆಗಿಲ್ಲ ತಾನೇ?

ಹಡಗಲ್ಲಿ ವಾಂತಿ
ಒಂದು ಸಲ. ಅದರ ಬಗ್ಗೆ ಮಾತಾಡುವುದು ಬೇಡ.

ಕುಂದಾಪ್ರ ಡಾಕ್ಟ್ರು
ನಮ್ಮ ಅರಬ್ಬೀ ಸಮುದ್ರದ ಇನ್ನೊಂದು ಮುಖ ಯಾರೂ ಹೇಳಲಿಲ್ಲ. ಸುಮಾರು 200 ಮೀಟರ್ ಕೆಳಗೆ ಹೋದರೆ ಆಮ್ಲಜನಕವೇ ಇಲ್ಲದಂಥ ದಪ್ಪ ಪದರ ಇದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಉಲ್ಟಾ ಕೆಲಸ ಮಾಡುತ್ತವೆ. ನೈಟ್ರೇಟನ್ನು ಒಡೆದು ಮತ್ತೆ ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ತೆರೆದ ಕಡಲಿನಲ್ಲಿ ಇದು ಇಷ್ಟು ಜೋರಾಗಿ ನಡೆಯುವ ಜಾಗ ಜಗತ್ತಿನಲ್ಲಿ ಮೂರೇ, ಇನ್ನೆರಡು ಪೆಸಿಫಿಕ್‌ನ ಪೂರ್ವ ಬದಿಯಲ್ಲಿವೆ. ಅಂದರೆ ಮಾಡಿನ ಮೇಲೆ ಒಬ್ಬ ಟ್ಯಾಂಕಿಗೆ ನೀರು ತುಂಬಿಸುತ್ತಿದ್ದಾನೆ, ಕೆಳಗೆ ಇನ್ನೊಬ್ಬ ನಲ್ಲಿ ಬಿಟ್ಟು ಕೂತಿದ್ದಾನೆ. ಇಲ್ಲಿ ಸೋರುವಷ್ಟು ಇಲ್ಲೇ ತುಂಬುವುದೂ ಇಲ್ಲ.

ಆದರೆ ಸೋರಿಕೆಯಿಂದಲೂ ಟ್ರೈಕೋಡೆಸ್ಮಿಯಮ್‌ಗೆ ಲಾಭ. ಕೆಳಗಿನ ನೀರು ಮೇಲೆ ಬಂದಾಗ ಅದರಲ್ಲಿ ಸಾರಜನಕ ಕಡಿಮೆ, ರಂಜಕ ಮಾತ್ರ ಉಳಿದಿರುತ್ತದೆ. ಬೇರೆಯವರಿಗೆ ಆ ರಂಜಕ ಒಂದನ್ನೇ ಇಟ್ಟುಕೊಂಡು ಏನೂ ಮಾಡಲಾಗುವುದಿಲ್ಲ. ಇದಕ್ಕೆ ಬೇಕಾದದ್ದೇ ಅದು.

ನಿವೃತ್ತ ಮೇಷ್ಟ್ರು
ಕಬ್ಬಿಣವೂ ಬೇಕು, ಮರೆಯಬೇಡಿ. ನಮ್ಮ ಪುಣ್ಯಕ್ಕೆ ಅರೇಬಿಯಾದ ಮರಳುಗಾಡಿನ ದೂಳು ಹಾರಿ ಬಂದು ಈ ಕಡಲಿಗೆ ಬೀಳುತ್ತದೆ. ಅಟ್ಲಾಂಟಿಕ್‌ಗೆ ಸಹಾರಾ ದೂಳು. ದಕ್ಷಿಣ ಪೆಸಿಫಿಕ್‌ಗೆ ಅಂಥ ನೆಂಟರು ಯಾರೂ ಇಲ್ಲ, ಪಾಪ.

ಲೆಕ್ಕದ ಪುಟ್ಟ
ಹಾಗಾದರೆ ಕುದುರೆಮುಖದ ಅದಿರು ತಂದು ಸುರಿಯೋಣ. ಜೀವಿ ಬೆಳೆಯುತ್ತೆ, ಮೀನು ಬೆಳೆಯುತ್ತೆ, ಇಂಗಾಲವೂ ಹೀರುತ್ತೆ. ಮುಗೀತಲ್ಲ?

ಹಡಗಲ್ಲಿ ವಾಂತಿ
ಸುರಿದು ನೋಡಿದ್ದಾರೆ, ಅದಿರಲ್ಲ, ಕಬ್ಬಿಣದ ಸಲ್ಫೇಟ್. 2009ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರೂ ಜರ್ಮನ್ನರೂ ಸೇರಿ ಅಂಟಾರ್ಕ್ಟಿಕಾ ಸುತ್ತಲಿನ ಕಡಲಿನಲ್ಲಿ ಸುಮಾರು 300 ಚದರ ಕಿಲೋಮೀಟರ್ ಜಾಗಕ್ಕೆ ಹಾಕಿದರು. ಲೋಹಾಫೆಕ್ಸ್ ಅಂತ ಹೆಸರು. ಸಣ್ಣ ಪಾಚಿಗಳು ಬೆಳೆದವು. ಅಷ್ಟರಲ್ಲಿ ಪುಟ್ಟ ಸಿಗಡಿಯಂಥ ಪ್ರಾಣಿಗಳು ಬಂದು ಮೇಯ್ದವು. ತಳಕ್ಕೆ ಇಳಿದ ಇಂಗಾಲ ಅಷ್ಟಕ್ಕಷ್ಟೇ. ಗಮನಿಸಿ, ಅಲ್ಲಿ ಸಾರಜನಕ ಧಾರಾಳ ಇದೆ, ಕಬ್ಬಿಣಕ್ಕೆ ಮಾತ್ರ ಬರ. ಇಲ್ಲಿನ ಕತೆಯೇ ಬೇರೆ. ಒಂದು ಕಡಲಿನ ಔಷಧಿ ಇನ್ನೊಂದಕ್ಕೆ ಕೊಡಲಾಗುವುದಿಲ್ಲ.

ಕುಂದಾಪ್ರ ಡಾಕ್ಟ್ರು
ಔಷಧಿ ವಿಷಯ ನನಗೆ ಬಿಡಿ.

ಕಾರವಾರದ ಕಾವ್ಯ
ಒಟ್ಟಿನಲ್ಲಿ ಮೀನಿಗೆ ಒಳ್ಳೆಯದಾ ಕೆಟ್ಟದ್ದಾ, ಅಷ್ಟು ಹೇಳಿ. ನಮ್ಮನೆಯಲ್ಲಿ ಬಂಗುಡೆ ಇಲ್ಲದೆ ಊಟ ಇಳಿಯಲ್ಲ.

ಹಡಗಲ್ಲಿ ವಾಂತಿ
ಎರಡೂ. ಇದನ್ನು ನೇರವಾಗಿ ತಿನ್ನುವವರು ಕಡಿಮೆ. ಹಿಡಿದ ಸಾರಜನಕದಲ್ಲಿ ಒಂದು ಪಾಲು ಬದುಕಿದ್ದಾಗಲೇ ನೀರಿಗೆ ಸೋರುತ್ತದೆ, ಸತ್ತ ಮೇಲೆ ಉಳಿದದ್ದು. ಅದನ್ನು ಸಣ್ಣ ಪಾಚಿಗಳು ತಿನ್ನುತ್ತವೆ, ಪಾಚಿಯನ್ನು ಪುಟ್ಟ ಪ್ರಾಣಿಗಳು, ಅವನ್ನು ಮೀನು. ಹಾಗೆ ಸುತ್ತಿ ಬಳಸಿ ಬಂಗುಡೆಗೂ ಚೂರು ಬರಬಹುದು. ಆದರೆ ನಮ್ಮ ದಡದ ಬಂಗುಡೆ, ಬೂತಾಯಿಯ ಮುಖ್ಯ ಊಟ ಮಳೆಗಾಲದಲ್ಲಿ ಕೆಳಗಿನಿಂದ ಎದ್ದು ಬರುವ ನೀರಿನದ್ದು. ಆ ಪುಣ್ಯವನ್ನು ಟ್ರೈಕೋಡೆಸ್ಮಿಯಮ್ ಲೆಕ್ಕಕ್ಕೆ ಬರೆಯಬಾರದು. ಇನ್ನು ರಾಶಿ ರಾಶಿ ಸೇರಿ ಒಂದೇ ಕಡೆ ಕೊಳೆತರೆ ನಾತ, ಆಮ್ಲಜನಕ ಕಡಿಮೆ. ಅಲ್ಲಿ ಮೀನು ನಿಲ್ಲುವುದಿಲ್ಲ.

ಸುರತ್ಕಲ್ ಮಾಣಿ
ಬಂಗುಡೆ ಅಂದಾಗ ನೆನಪಾಯಿತು, ನಿನ್ನೆ ಮಾರ್ಕೆಟ್ಟಲ್ಲಿ ರೇಟು ಕೇಳಿ ತಲೆ ತಿರುಗಿತು. ಇನ್ನು ಜೂನ್ 1ರಿಂದ ಎರಡು ತಿಂಗಳು ಬೋಟೂ ಇಳಿಯುವುದಿಲ್ಲ. ಒಣಮೀನೇ ಗತಿ.

ಗಿರಿನಗರ ಗುಂಡ
ನಮ್ಮ ಕಡೆ ಬನ್ನಿ, ಸೊಪ್ಪಿನ ಸಾರು ಮುದ್ದೆ ಕೊಡ್ತೀನಿ.

ಪಡುಗಾಳಿ · ಭಾನುವಾರ, ರಾತ್ರಿ 9:15
ಅಬ್ಬಾ, ಒಂದು ದಿನದಲ್ಲಿ ಇಷ್ಟು! ಎಲ್ಲರಿಗೂ ಧನ್ಯವಾದ. ಚಿಕ್ಕಪ್ಪನಿಗೆ ಪೂರ್ತಿ ಓದಿ ಹೇಳಿದೆ. ತೆಂಗಿನಕಾಯಿ ಕತ್ತಿಯ ಮಾತು ಅವರಿಗೆ ಹಿಡಿಸಿತು. ನೈಟ್ರೋಜಿನೇಸ್ ಅಂತ ಮೂರು ಸಲ ಹೇಳಿಸಿಕೊಂಡು ಬಿಟ್ಟುಬಿಟ್ಟರು.

ಅವರು ಹೇಳಿದ್ದು ಎರಡು. ಆ ಪಟ್ಟಿ ಕಂಡ ಕಡೆ ಬಲೆ ಬಿಟ್ಟರೆ ಬಲೆಯೆಲ್ಲ ಲೋಳೆ, ಹುಡುಗರು ಬೈಯುತ್ತಾರೆ. ಅದಕ್ಕೆ ಅವರು ದೋಣಿ ತಿರುಗಿಸಿಕೊಂಡು ಹೋಗುವುದು ರೂಢಿ. ಇನ್ನೊಂದು, ಈ ಸಲ ಹುಡುಗನೊಬ್ಬ ಆ ನೀರನ್ನು ಬಾಟಲಿಯಲ್ಲಿ ತುಂಬಿಸಿ ತಂದಿದ್ದನಂತೆ. ದಡ ಸೇರುವಷ್ಟರಲ್ಲಿ ಹೊಟ್ಟು ಕೊಳೆತು ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತಂತೆ. ವಾಸನೆಗೆ ಬಾಟಲಿ ಸಮೇತ ಎಸೆದರು.

ಹಡಗಲ್ಲಿ ವಾಂತಿ
ಎಸೆದರಾ! ಗುಲಾಬಿ ಬಂತು ಅಂದರೆ ಜೀವಕೋಶ ಒಡೆದು ಒಳಗಿನ ಬಣ್ಣ ಹೊರಬಂದಿದೆ. ಟ್ರೈಕೋಡೆಸ್ಮಿಯಮ್ ಅನ್ನುವುದಕ್ಕೆ ಇದು ಒಳ್ಳೆಯ ಗುರುತು. ಮುಂದಿನ ಟ್ರಿಪ್‌ನಲ್ಲಿ ಸಿಕ್ಕರೆ ದಯವಿಟ್ಟು ಒಂದು ಚಮಚ ತೆಗೆದು ಬಿಳಿ ತಟ್ಟೆಯ ಮೇಲೆ ಹಾಕಿ, ಹತ್ತಿರದಿಂದ ಫೋಟೋ ತೆಗೆಯಲು ಹೇಳಿ. ತಾರೀಕು, ಜಿಪಿಎಸ್ ಗುರುತು ಬರೆದಿಡಲಿ.

ಪಡುಗಾಳಿ
ಹೇಳಿದೆ. "ತಟ್ಟೆ ಯಾರದ್ದು, ಊಟದ್ದಾ?" ಅಂತ ಕೇಳುತ್ತಿದ್ದಾರೆ.